ಲೆಕ್ಕಕ್ಕೆ ಸಿಕ್ಕ ಕಳ್ಳಾಟ

ಗೆಲ್ಲಲೇಬೇಕಿದ್ದ ಪಂದ್ಯವನ್ನು ನಮ್ಮ ತಂಡ ಕೊನೆಯ ಓವರಿನಲ್ಲಿ ಸೋತಿತು ಅನ್ನಿ. ಮರುದಿನ ಬೆಳಿಗ್ಗೆ ಲೋಕಲ್ ಟ್ರೇನಿನಲ್ಲೋ, ಆಫೀಸಿನ ಕ್ಯಾಂಟೀನಿನಲ್ಲೋ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಅಯ್ಯೋ ಬಿಡ್ರೀ, ಮ್ಯಾಚು ಮೊದಲೇ ಫಿಕ್ಸ್ ಆಗಿತ್ತು." ಹೇಳಿದವರು ಹಗುರವಾಗಿ ಹೇಳಿರುತ್ತಾರೆ, ಕೇಳಿದವರು ಅಷ್ಟೇ ಹಗುರವಾಗಿ ತಲೆಯಾಡಿಸುತ್ತಾರೆ. ಆದರೆ ಆ ಒಂದು ಮಾತಿನಲ್ಲಿ ಹನ್ನೊಂದು ಜನರ ಮಾನ ಹರಾಜಾಗಿರುತ್ತದೆ. ಅದು ನಿಜವೇ ಆಗಿದ್ದರೆ, ರಾತ್ರಿ ಹನ್ನೆರಡರವರೆಗೆ ಎಚ್ಚರವಿದ್ದು ಪಂದ್ಯ ನೋಡಿದ ಕೋಟ್ಯಂತರ ಜನರಿಗೆ ಮೋಸವಾಗಿರುತ್ತದೆ. ಹಾಗಾದರೆ ಯಾವುದು ಬರಿಯ ಸೋಲು, ಯಾವುದು ಕಳ್ಳಾಟ? ಇದನ್ನು ಲೆಕ್ಕ ಹಾಕಿ ಹೇಳಲು ಸಾಧ್ಯವೇ? ಇವತ್ತಿನ ಮಾತು ಇದರ ಬಗ್ಗೆ.

ಜೂಜಿಗೂ ಎಣಿಕೆಗೂ ಇರುವ ನಂಟು ಬಹಳ ಹಳೆಯದು. ನಮ್ಮ ಕನಕದಾಸರು ಕನ್ನಡದಲ್ಲಿ 'ನಳಚರಿತ್ರೆ' ಬರೆದಿದ್ದಾರಲ್ಲ, ಆ ನಳನ ಕಥೆಯನ್ನೇ ನೆನಪು ಮಾಡಿಕೊಳ್ಳಿ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣ ರಾಜನ ಸಾರಥಿಯಾಗಿದ್ದ. ಮಹಾಭಾರತದ ವನಪರ್ವದಲ್ಲಿ ಬರುವ ಪ್ರಸಂಗವಿದು. ದಾರಿಯಲ್ಲಿ ಒಂದು ತಾರೆಮರವನ್ನು ನೋಡಿ ಋತುಪರ್ಣ ಅದರ ಎಲೆ, ಕಾಯಿಗಳ ಲೆಕ್ಕವನ್ನು ಥಟ್ಟನೆ ಹೇಳಿಬಿಡುತ್ತಾನೆ. ನಳನಿಗೆ ನಂಬಿಕೆ ಬರುವುದಿಲ್ಲ. ರಥ ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿದೆ! ಆಗ ಋತುಪರ್ಣ ಹೇಳುತ್ತಾನೆ, ತನಗೆ ಪಗಡೆಯ ವಿದ್ಯೆ ಗೊತ್ತು, ಅದಕ್ಕೇ ಎಣಿಕೆಯೂ ಗೊತ್ತು ಎಂದು. ಆ ವಿದ್ಯೆಯನ್ನು ಕಲಿತ ಮೇಲೆಯೇ ನಳ ಮತ್ತೆ ಪಗಡೆಗೆ ಕೂತು ರಾಜ್ಯವನ್ನು ಗೆದ್ದುಕೊಂಡದ್ದು. ದಾಳವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಎಣಿಸಲು ಬರಬೇಕು ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಈಗ ನಮ್ಮ ಕಾಲದ ಎಣಿಕೆಗೆ ಬರೋಣ. ಒಂದು ಸಣ್ಣ ಪ್ರಯೋಗದಿಂದ ಆರಂಭಿಸುತ್ತೇನೆ. ಒಬ್ಬ ಗೆಳೆಯ ನಾಣ್ಯವನ್ನು 10 ಸಲ ಚಿಮ್ಮಿದ, 8 ಸಲ ರಾಜ ಬಿತ್ತು ಎಂದುಕೊಳ್ಳಿ. ನಾಣ್ಯದಲ್ಲಿ ಮೋಸವಿದೆಯೇ? ಹೇಳಲಾಗದು. ಸರಿಯಾದ ನಾಣ್ಯವನ್ನೇ ಹೀಗೆ ಹತ್ತು ಹತ್ತು ಸಲ ಚಿಮ್ಮುತ್ತಾ ಹೋದರೆ, ಅಂತಹ 100 ಸರದಿಗಳಲ್ಲಿ ಐದಾರು ಬಾರಿ ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ರಾಜ ಬೀಳುವುದು ಸಹಜ. ಆದರೆ ಅದೇ ಗೆಳೆಯ 100 ಸಲ ಚಿಮ್ಮಿ 80 ಸಲ ರಾಜ ಬೀಳಿಸಿದರೆ? ಪ್ರಮಾಣ ಅದೇ, ನೂರಕ್ಕೆ ಎಂಬತ್ತು. ಆದರೆ ಸರಿಯಾದ ನಾಣ್ಯದಲ್ಲಿ ಹಾಗಾಗುವ ಸಂಭವ 100 ಕೋಟಿಗೆ ಒಂದೂ ಇಲ್ಲ. ಈಗ ಗೆಳೆಯನ ಕೈಯಿಂದ ನಾಣ್ಯ ಕಿತ್ತುಕೊಂಡು ತಿರುಗಿಸಿ ನೋಡಬೇಕಾಗುತ್ತದೆ.

ಕೇಳುಗರೇ, ಸಂಖ್ಯಾಶಾಸ್ತ್ರ ಕಳ್ಳಾಟ ಹಿಡಿಯುವ ಬಗೆಯ ತಿರುಳೆಲ್ಲ ಇಷ್ಟೇ. ಮೊದಲು ಪ್ರಾಮಾಣಿಕ ಆಟ ಹೇಗಿರುತ್ತದೆ ಎಂದು ಲೆಕ್ಕ ಹಾಕಬೇಕು. ಆಮೇಲೆ ನಿಜವಾಗಿ ಆದದ್ದು ಏನು ಎಂದು ನೋಡಬೇಕು. ಎರಡರ ನಡುವಿನ ಅಂತರ ಬರಿಯ ಅದೃಷ್ಟಕ್ಕೆ ಮೀರಿದ್ದೇ ಎಂದು ಕೇಳಬೇಕು. ಒಂದು ಪಂದ್ಯದಿಂದ ಇದು ಆಗುವ ಕೆಲಸವಲ್ಲ. ನೂರಾರು, ಸಾವಿರಾರು ಪಂದ್ಯಗಳು ಬೇಕು.

ಈ ಕೆಲಸದ ಅತ್ಯಂತ ಪ್ರಸಿದ್ಧ ಉದಾಹರಣೆ ಜಪಾನಿನ ಸುಮೊ ಕುಸ್ತಿಯದು. ದೊಡ್ಡ ದೊಡ್ಡ ದೇಹದ ಪೈಲ್ವಾನರು ಮಣ್ಣಿನ ಅಖಾಡದಲ್ಲಿ ಒಬ್ಬರನ್ನೊಬ್ಬರು ವೃತ್ತದ ಹೊರಗೆ ತಳ್ಳುವುದನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಜಪಾನೀಯರಿಗೆ ಅದು ಬರಿಯ ಕ್ರೀಡೆಯಲ್ಲ, ಶಿಂಟೊ ಧರ್ಮದ ಆಚರಣೆಗಳೊಂದಿಗೆ ಬೆಸೆದುಕೊಂಡಿರುವ ಪವಿತ್ರ ಸಂಪ್ರದಾಯ. ಅಂತಹ ಕಡೆ ಮೋಸ ಎಂದರೆ ಯಾರೂ ನಂಬಲು ತಯಾರಿರಲಿಲ್ಲ. 2002ರಲ್ಲಿ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು, ಮಾರ್ಕ್ ಡಗನ್ ಮತ್ತು ಸ್ಟೀವನ್ ಲೆವಿಟ್, 1989ರಿಂದ 2000ದವರೆಗಿನ ಸುಮಾರು 32,000 ಪಂದ್ಯಗಳ ಫಲಿತಾಂಶಗಳನ್ನು ಮುಂದಿಟ್ಟುಕೊಂಡು ಒಂದು ಪ್ರಬಂಧ ಪ್ರಕಟಿಸಿದರು. ಲೆವಿಟ್ ಮುಂದೆ 2005ರಲ್ಲಿ ಬಂದ 'ಫ್ರೀಕನಾಮಿಕ್ಸ್' ಪುಸ್ತಕದಿಂದ ಜಗತ್ತಿಗೆಲ್ಲ ಪರಿಚಿತರಾದರು.

ಅವರ ಜಾಣತನ ಇದ್ದದ್ದು ಎಲ್ಲಿ ನೋಡಬೇಕು ಎಂಬುದನ್ನು ಆರಿಸಿಕೊಂಡದ್ದರಲ್ಲಿ. ಸುಮೊದಲ್ಲಿ ಮೇಲಿನ ಶ್ರೇಣಿಯ ಪ್ರತಿ ಪೈಲ್ವಾನನೂ ಒಂದು ಪಂದ್ಯಾವಳಿಯಲ್ಲಿ 15 ದಿನ 15 ಕುಸ್ತಿ ಆಡುತ್ತಾನೆ. ಎಂಟು ಗೆದ್ದರೆ ಸಾಮಾನ್ಯವಾಗಿ ಶ್ರೇಣಿ ಏರುತ್ತದೆ, ಏಳೇ ಗೆದ್ದರೆ ಇಳಿಯುತ್ತದೆ. ಈ ಶ್ರೇಣಿಯೇ ಪೈಲ್ವಾನನ ಬದುಕು. ಮೇಲಿನ ಎರಡು ವಿಭಾಗದವರಿಗೆ ಒಳ್ಳೆಯ ಸಂಬಳ, ಸೇವೆಗೆ ಕಿರಿಯರು. ಅದರ ಕೆಳಗೆ ಬಿದ್ದರೆ ಸಂಬಳವೇ ಇಲ್ಲ, ತಾನೇ ಹಿರಿಯರ ಸೇವೆ ಮಾಡಿಕೊಂಡಿರಬೇಕು. ಹಾಗಾಗಿ ಎಂಟನೆಯ ಗೆಲುವಿಗೆ ಇರುವ ಬೆಲೆ ಒಂಬತ್ತನೆಯದಕ್ಕೂ ಇಲ್ಲ, ಹತ್ತನೆಯದಕ್ಕೂ ಇಲ್ಲ.

ಈಗ ಕೊನೆಯ ದಿನದ ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬ ಪೈಲ್ವಾನ 7 ಗೆದ್ದು 7 ಸೋತಿದ್ದಾನೆ. ಅವನಿಗೆ ಇವತ್ತು ಬದುಕು ಸಾವಿನ ಪ್ರಶ್ನೆ. ಎದುರಾಳಿ 8 ಗೆದ್ದು 6 ಸೋತಿದ್ದಾನೆ. ಅವನ ಶ್ರೇಣಿ ಆಗಲೇ ಭದ್ರ. ಇಬ್ಬರ ಹಿಂದಿನ ದಾಖಲೆಗಳನ್ನು ನೋಡಿ ಲೆಕ್ಕ ಹಾಕಿದರೆ, 7-7ರ ಪೈಲ್ವಾನ ಇಂತಹ ಕುಸ್ತಿಗಳಲ್ಲಿ ಶೇಕಡಾ 48.7ರಷ್ಟು ಗೆಲ್ಲಬೇಕು. ನಿಜವಾಗಿ ಗೆದ್ದದ್ದು ಎಷ್ಟು? ಶೇಕಡಾ 79.6! ಎದುರಾಳಿ 9-5ರವನಾದರೆ ನಿರೀಕ್ಷೆ ಶೇಕಡಾ 47.2, ಗೆದ್ದದ್ದು ಶೇಕಡಾ 73.4.

"ಇದರಲ್ಲೇನು ವಿಶೇಷ? ಬದುಕಿನ ಪ್ರಶ್ನೆ ಬಂದಾಗ ಯಾರಾದರೂ ಜೀವ ಬಿಟ್ಟು ಹೋರಾಡುತ್ತಾರೆ" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಳ್ಳೆಯ ಲೆಕ್ಕಿಗ ತನ್ನ ಲೆಕ್ಕದ ವಿರುದ್ಧ ತಾನೇ ವಕಾಲತ್ತು ಮಾಡಬೇಕು. ಡಗನ್ ಮತ್ತು ಲೆವಿಟ್ ಅದನ್ನೇ ಮಾಡಿದರು. ಅದೇ ಇಬ್ಬರು ಪೈಲ್ವಾನರು ಮುಂದಿನ ಬಾರಿ ಎದುರುಬದುರಾದಾಗ ಏನಾಯಿತು ಎಂದು ನೋಡಿದರು. ಹಿಂದಿನ ಸಲ 80ರಷ್ಟು ಗೆದ್ದವರು ಈ ಸಲ ಗೆದ್ದದ್ದು ಶೇಕಡಾ 40 ಮಾತ್ರ. ಅದರ ಮುಂದಿನ ಭೇಟಿಯಲ್ಲಿ ಮತ್ತೆ ಐವತ್ತರ ಆಸುಪಾಸು. ಹೋರಾಟದ ಕೆಚ್ಚು ಒಂದೇ ಕಾರಣವಾಗಿದ್ದರೆ ಮರುಭೇಟಿಯಲ್ಲಿ ಗೆಲುವು ಐವತ್ತಕ್ಕೆ ಬಂದು ನಿಲ್ಲಬೇಕಿತ್ತು, ನಲವತ್ತಕ್ಕೆ ಇಳಿಯಬೇಕಿರಲಿಲ್ಲ. ನಮ್ಮ ಕಡೆ ಮದುವೆಮನೆಯಲ್ಲಿ ಮುಯ್ಯಿ ಮಾಡಿದವರಿಗೆ ತಿರುಗಿ ಮುಯ್ಯಿ ಮಾಡುವ ಪದ್ಧತಿ ಇಲ್ಲವೇ? ಇದೂ ಹಾಗೆಯೇ ಕಾಣುತ್ತದೆ. ಈ ಸಲ ನೀನು ನನಗೆ ಬಿಟ್ಟುಕೊಡು, ಮುಂದಿನ ಸಲ ನಾನು ನಿನಗೆ.

ಇನ್ನೊಂದು ಸಂಗತಿ. ಮೋಸದ ಆರೋಪಗಳು ಪತ್ರಿಕೆಗಳಲ್ಲಿ ಬಂದು ಎಲ್ಲರ ಕಣ್ಣು ಅಖಾಡದ ಮೇಲೆ ನೆಟ್ಟಿದ್ದ ಹೊತ್ತಿನಲ್ಲಿ 7-7ರ ಪೈಲ್ವಾನರ ಈ ವಿಶೇಷ ಅದೃಷ್ಟ ಮಾಯವಾಗಿತ್ತು. ಅವರು ಎಲ್ಲರಂತೆ ಐವತ್ತರಷ್ಟೇ ಗೆದ್ದಿದ್ದರು. ಹೋರಾಟದ ಕೆಚ್ಚು ಪತ್ರಿಕೆ ಓದಿ ಕಡಿಮೆಯಾಗುತ್ತದೆಯೇ?

ಆಮೇಲೆ ಏನಾಯಿತು ಗೊತ್ತೇ? 2010ರಲ್ಲಿ ಕೆಲವು ಸುಮೊ ಪೈಲ್ವಾನರು ಬೇಸ್‌ಬಾಲ್ ಜೂಜಿನಲ್ಲಿ ತೊಡಗಿದ್ದರೆಂದು ಪೊಲೀಸರು ತನಿಖೆ ನಡೆಸಿ ಮೊಬೈಲ್ ಫೋನುಗಳನ್ನು ವಶಪಡಿಸಿಕೊಂಡರು. ಆ ಫೋನುಗಳಲ್ಲಿದ್ದ ಸಂದೇಶಗಳಲ್ಲಿ ಕುಸ್ತಿ ಬಿಟ್ಟುಕೊಡುವ ಮಾತುಕತೆ, ಹಣದ ಮಾತು, ಹೇಗೆ ಬೀಳಬೇಕು ಎಂಬ ವಿವರ ಸಿಕ್ಕಿತು. 2011ರ ಮಾರ್ಚ್‌ನ ಒಸಾಕಾ ಪಂದ್ಯಾವಳಿಯನ್ನೇ ರದ್ದುಮಾಡಬೇಕಾಯಿತು. 1946ರ ನಂತರ ಸುಮೊ ಪಂದ್ಯಾವಳಿ ರದ್ದಾದದ್ದು ಅದೇ ಮೊದಲು. ಇಪ್ಪತ್ತಕ್ಕೂ ಹೆಚ್ಚು ಮಂದಿ ಅಖಾಡ ಬಿಡಬೇಕಾಯಿತು. ಅಂಕಿಗಳು 2002ರಲ್ಲೇ ಪಿಸುಗುಟ್ಟಿದ್ದನ್ನು ಫೋನುಗಳು 2011ರಲ್ಲಿ ಬಾಯಿಬಿಟ್ಟು ಹೇಳಿದವು. ಈ ಎರಡೂ ಬೇರೆ ಬೇರೆ ಕಾಲದ ಕುಸ್ತಿಗಳು ಎಂಬುದು ನೆನಪಿರಲಿ. ಆದರೆ ಅಂಕಿಗಳು ಬೆರಳು ತೋರಿಸಿದ ಜಾಗ ತಪ್ಪಾಗಿರಲಿಲ್ಲ.

ಸುಮೊದಲ್ಲಿ ಮುಖ್ಯ ಆಮಿಷ ಶ್ರೇಣಿ. ಬೆಟ್ಟಿಂಗ್ ಇರುವ ಆಟಗಳಲ್ಲಿ ಇನ್ನೊಂದು ಸಾಕ್ಷಿ ಸಿಗುತ್ತದೆ, ಅದು ಬಾಜಿಯ ದರ. ಮುಂಬೈಯ ಮಹಾಲಕ್ಷ್ಮಿಯಲ್ಲೋ ಹೈದರಾಬಾದಿನ ಮಲಕ್‌ಪೇಟೆಯಲ್ಲೋ ಕುದುರೆ ರೇಸು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗೆಲ್ಲುವ ನೆಚ್ಚಿನ ಕುದುರೆಗೆ ದರ ಕಡಿಮೆ, ಸೋಲುವ ಕುದುರೆಗೆ ದರ ಹೆಚ್ಚು. ಒಬ್ಬ ಆಟಗಾರನ ಮೇಲೆ ಒಂದು ರೂಪಾಯಿ ಕಟ್ಟಿದರೆ ಗೆದ್ದಾಗ ಒಂದೂಕಾಲು ರೂಪಾಯಿ ಕೈಗೆ ಬರುತ್ತದೆ ಎಂದರೆ, ಅವನು ನೂರಕ್ಕೆ 80 ಪಾಲು ಗೆಲ್ಲುತ್ತಾನೆ ಎಂಬುದು ಮಾರುಕಟ್ಟೆಯ ಅಂದಾಜು. ಐದು ರೂಪಾಯಿ ಬರುತ್ತದೆ ಎಂದರೆ ಅವನ ಗೆಲುವಿನ ಅಂದಾಜು ನೂರಕ್ಕೆ 20. ಬುಕ್ಕಿಯ ಲಾಭವನ್ನು ಬಿಟ್ಟು ಸ್ಥೂಲವಾಗಿ ಹೇಳಿದ ಲೆಕ್ಕವಿದು. ಹಣ ಒಂದೇ ಕಡೆ ಸುರಿಯತೊಡಗಿದರೆ ಈ ದರ ಬದಲಾಗುತ್ತದೆ. ಸಂತೆಯಲ್ಲಿ ಒಬ್ಬನೇ ವ್ಯಾಪಾರಿ ಎಲ್ಲ ಮೂಟೆ ಈರುಳ್ಳಿ ಕೊಳ್ಳತೊಡಗಿದರೆ ಉಳಿದವರು "ಇವನಿಗೆ ಏನೋ ಸುದ್ದಿ ಗೊತ್ತಿದೆ" ಎನ್ನುವುದಿಲ್ಲವೇ, ಹಾಗೆ.

2007ರ ಆಗಸ್ಟ್‌ನಲ್ಲಿ ಪೋಲೆಂಡಿನ ಸೊಪೊಟ್ ಎಂಬ ಊರಿನಲ್ಲಿ ಒಂದು ಟೆನಿಸ್ ಪಂದ್ಯ ನಡೆಯಿತು. ಒಂದು ಕಡೆ ಆಗ ವಿಶ್ವದ 4ನೆಯ ಸ್ಥಾನದಲ್ಲಿದ್ದ ರಷ್ಯಾದ ನಿಕೊಲಾಯ್ ಡೇವಿಡೆಂಕೊ. ಇನ್ನೊಂದು ಕಡೆ 87ನೆಯ ಸ್ಥಾನದ ಅರ್ಜೆಂಟೀನಾದ ಮಾರ್ಟಿನ್ ವಸ್ಸಾಲೊ ಅರ್ಗುಯೆಲ್ಲೊ. ಮೊದಲ ಸೆಟ್ಟನ್ನು ಡೇವಿಡೆಂಕೊ 6-2ರಿಂದ ಗೆದ್ದರು. ಸಹಜವಾಗಿ ಅವರ ಮೇಲಿನ ಭರವಸೆ ಇನ್ನೂ ಹೆಚ್ಚಬೇಕಿತ್ತು. ಆದರೆ ಹಣ ಎದುರಾಳಿಯ ಕಡೆಗೇ ಹರಿಯುತ್ತಿತ್ತು. ಅಂತಹ ಪಂದ್ಯಕ್ಕೆ ಬರುವ ಮಾಮೂಲಿ ಹಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಸುಮಾರು 70 ಲಕ್ಷ ಡಾಲರು, ಬೆಟ್‌ಫೇರ್ ಎಂಬ ಬ್ರಿಟಿಷ್ ಕಂಪನಿಯಲ್ಲಿ ಈ ಪಂದ್ಯದ ಮೇಲೆ ಬಿತ್ತು. ಮೂರನೆಯ ಸೆಟ್ಟಿನಲ್ಲಿ ಡೇವಿಡೆಂಕೊ ಕಾಲುನೋವೆಂದು ಪಂದ್ಯ ಬಿಟ್ಟುಕೊಟ್ಟರು. ಬೆಟ್‌ಫೇರ್ ಎಲ್ಲ ಬಾಜಿಗಳನ್ನೂ ರದ್ದು ಮಾಡಿತು.

ಇಷ್ಟು ಕೇಳಿದ ಕೂಡಲೇ ನಮ್ಮ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ, ಅಲ್ಲವೇ? ಸ್ವಲ್ಪ ತಾಳಿ. ಟೆನಿಸ್ ಸಂಸ್ಥೆ ಒಂದು ವರ್ಷಕ್ಕೂ ಹೆಚ್ಚು ಕಾಲ ತನಿಖೆ ಮಾಡಿತು. 2008ರ ಸೆಪ್ಟೆಂಬರ್‌ನಲ್ಲಿ, ಇಬ್ಬರೂ ಆಟಗಾರರ ವಿರುದ್ಧ ಯಾವ ಸಾಕ್ಷ್ಯವೂ ಇಲ್ಲ ಎಂದು ಹೇಳಿ ಪ್ರಕರಣ ಮುಗಿಸಿತು. ಬಾಜಿಯ ದರ ಹೇಳುವುದು ಇಷ್ಟೇ: ಯಾರಿಗೋ ಏನೋ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅವರು ನಂಬಿದ್ದರು. ಆಟಗಾರನ ಕಾಲುನೋವಿನ ಸುದ್ದಿ ಹೊರಗೆ ಸೋರಿದರೂ ದರ ಹೀಗೆಯೇ ಬದಲಾಗಬಹುದು. ಆಟಗಾರ ಮೋಸ ಮಾಡಿದ ಎಂದು ದರದ ಪಟ್ಟಿ ಹೇಳಲಾರದು.

ಒಂದು ಪಂದ್ಯದಲ್ಲಿ ಹೇಳಲಾಗದ್ದನ್ನು ಸಾವಿರಾರು ಪಂದ್ಯಗಳಲ್ಲಿ ಹುಡುಕಬಹುದೇ? 2016ರ ಜನವರಿಯಲ್ಲಿ ಬಿಬಿಸಿ ಮತ್ತು ಬಜ್‌ಫೀಡ್ ಸೇರಿ ಒಂದು ದೊಡ್ಡ ವರದಿ ಪ್ರಕಟಿಸಿದವು. ಅದರ ಭಾಗವಾಗಿ ಬಜ್‌ಫೀಡ್ 26,000 ಟೆನಿಸ್ ಪಂದ್ಯಗಳ ಬಾಜಿದರಗಳನ್ನು ಪರೀಕ್ಷಿಸಿತ್ತು. ಪಂದ್ಯಕ್ಕೆ ಮುಂಚೆ ದರ ತೆರೆದಾಗ ಇದ್ದ ಗೆಲುವಿನ ಅಂದಾಜಿಗೂ ಕೊನೆಯಲ್ಲಿ ಇದ್ದ ಅಂದಾಜಿಗೂ ನೂರರಲ್ಲಿ ಹತ್ತಕ್ಕಿಂತ ಹೆಚ್ಚು ಅಂತರ ಬಂದ ಪಂದ್ಯಗಳನ್ನು ಬೇರೆ ತೆಗೆದರು. ಅಂತಹ ಪಂದ್ಯಗಳಲ್ಲಿ ಯಾವ ಆಟಗಾರ ಪದೇಪದೇ ಸೋತಿದ್ದಾನೆ ಎಂದು ನೋಡಿದರು. ಹಾಗೆ ಸೋಲುವುದು ಬರಿಯ ಅದೃಷ್ಟದಿಂದ ಎಷ್ಟು ಸಲ ಆದೀತು ಎಂಬುದನ್ನು ಕಂಪ್ಯೂಟರಿನಲ್ಲಿ ಆ ಪಂದ್ಯಗಳನ್ನು ಹತ್ತು ಲಕ್ಷ ಸಲ ಆಡಿಸಿ ಕಂಡುಕೊಂಡರು. ಕೊನೆಗೆ ಅನುಮಾನಕ್ಕೆ ಎಡೆಮಾಡುವ 15 ಆಟಗಾರರು ಉಳಿದರು. ಆದರೆ ಅವರು ಆ ಹೆಸರುಗಳನ್ನು ಪ್ರಕಟಿಸಲಿಲ್ಲ. ಅಂಕಿ ಅಂಶವೊಂದೇ ಮೋಸಕ್ಕೆ ಪುರಾವೆಯಲ್ಲ ಎಂದು ಅವರೇ ಹೇಳಿದರು.

ಯಾಕಿಷ್ಟು ಎಚ್ಚರಿಕೆ? ಇಲ್ಲಿ ನಾನೊಂದು ಲೆಕ್ಕ ಕೊಡುತ್ತೇನೆ. ಕಾಗದ ಪೆನ್ಸಿಲು ಇದ್ದರೆ ಹಿಡಿದುಕೊಳ್ಳಿ. ಇದು ಕಲ್ಪನೆಯ ಲೆಕ್ಕ, ಯಾವುದೇ ನಿಜವಾದ ಆಟದ್ದಲ್ಲ. ಒಂದು ವರ್ಷ 1,000 ಪಂದ್ಯಗಳು ನಡೆದವು, ಅವುಗಳಲ್ಲಿ 10 ಮಾತ್ರ ಕಳ್ಳಾಟ, ಉಳಿದ 990 ಶುದ್ಧ ಎಂದಿಟ್ಟುಕೊಳ್ಳಿ. ನಮ್ಮ ಬಳಿ ಒಂದು ಒಳ್ಳೆಯ ಪರೀಕ್ಷೆ ಇದೆ. ಅದು 10 ಕಳ್ಳಾಟಗಳಲ್ಲಿ 9ನ್ನು ಹಿಡಿಯುತ್ತದೆ. ಆದರೆ ಶುದ್ಧ ಪಂದ್ಯಗಳಲ್ಲಿಯೂ ನೂರಕ್ಕೆ 5ರಲ್ಲಿ ತಪ್ಪಾಗಿ ಗಂಟೆ ಬಾರಿಸುತ್ತದೆ. ಹಾಗಾದರೆ ಗಂಟೆ ಎಷ್ಟು ಸಲ ಬಾರಿಸಿತು? ನಿಜವಾದ ಕಳ್ಳಾಟಕ್ಕೆ 9 ಸಲ, ಶುದ್ಧ ಪಂದ್ಯಗಳಿಗೆ ಸುಮಾರು 50 ಸಲ. ಒಟ್ಟು 59ರಲ್ಲಿ ಕಳ್ಳರು ಒಂಬತ್ತೇ! ಗಂಟೆ ಬಾರಿಸಿದ ಪ್ರತಿ ಆರೇಳು ಪಂದ್ಯಗಳಲ್ಲಿ ಒಂದು ಮಾತ್ರ ಕಳ್ಳಾಟ, ಉಳಿದವು ನಿರಪರಾಧಿಗಳದು. ಪರೀಕ್ಷೆ ಒಳ್ಳೆಯದೇ, ಆದರೂ ಹೀಗಾಗುತ್ತದೆ, ಏಕೆಂದರೆ ಕಳ್ಳರು ಕಡಿಮೆ, ಪ್ರಾಮಾಣಿಕರು ಹೆಚ್ಚು. ಗಂಟೆ ಕೇಳಿದ ಕೂಡಲೇ ಆಟಗಾರನ ಹೆಸರನ್ನು ಪತ್ರಿಕೆಯಲ್ಲಿ ಹಾಕಿದ್ದರೆ ಐವತ್ತು ಮನೆಗಳ ಮಾನ ಬೀದಿಗೆ ಬೀಳುತ್ತಿತ್ತು.

ಹಾಗೆಂದು ಗಂಟೆಯನ್ನು ಕಿತ್ತೆಸೆಯಬೇಕಿಲ್ಲ. ಒಬ್ಬನೇ ಆಟಗಾರನಿಗೆ ಅದು ಮತ್ತೆ ಮತ್ತೆ ಬಾರಿಸುತ್ತಿದೆಯೇ ಎಂದು ನೋಡಬೇಕು. ಒಂದು ಶುದ್ಧ ಪಂದ್ಯಕ್ಕೆ ತಪ್ಪಾಗಿ ಬಾರಿಸುವ ಸಂಭವ 20ಕ್ಕೆ ಒಂದು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಶುದ್ಧ ಪಂದ್ಯಗಳಿಗೂ ತಪ್ಪಾಗಿಯೇ ಬಾರಿಸುವ ಸಂಭವ 8,000ಕ್ಕೆ ಒಂದು. ಆಗ ತನಿಖಾಧಿಕಾರಿ ಆ ಕಡೆ ನಡೆದು ಹೋಗಿ ಬಾಗಿಲು ತಟ್ಟಬಹುದು. ಸಂಖ್ಯಾಶಾಸ್ತ್ರದ ಕೆಲಸ ಯಾವ ಬಾಗಿಲು ಎಂದು ತೋರಿಸುವುದು. ಬಾಗಿಲ ಹಿಂದೆ ಏನಿದೆ ಎಂದು ನೋಡಬೇಕಾದವರು ಮನುಷ್ಯರು.

ಲೆಕ್ಕಿಗರೂ ಎಡವುತ್ತಾರೆ ಎಂಬುದಕ್ಕೆ ಒಂದು ಕಥೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಯಾರು ಗೆಲ್ಲುತ್ತಾರೆ ಎಂಬುದಕ್ಕಿಂತ ಎಷ್ಟು ಅಂಕಗಳ ಅಂತರದಿಂದ ಗೆಲ್ಲುತ್ತಾರೆ ಎಂಬುದರ ಮೇಲೆ ಬಾಜಿ ಕಟ್ಟುವ ರೂಢಿ ಇದೆ. ಬಲಿಷ್ಠ ತಂಡ 14 ಅಂಕಗಳಿಂದ ಗೆಲ್ಲಬೇಕು ಎಂಬುದು ಮಾರುಕಟ್ಟೆಯ ಗೆರೆ ಎನ್ನಿ. ಆ ತಂಡದ ಆಟಗಾರನಿಗೆ ಲಂಚ ಕೊಟ್ಟವನು ಸೋಲು ಎನ್ನುವುದಿಲ್ಲ. "ಗೆಲ್ಲು ಮಾರಾಯ, ಆದರೆ 14ಕ್ಕಿಂತ ಕಡಿಮೆಯಲ್ಲಿ ಗೆಲ್ಲು" ಎನ್ನುತ್ತಾನೆ. ತಂಡಕ್ಕೂ ಗೆಲುವು, ಬಾಜಿಯವನಿಗೂ ಹಣ! 2006ರಲ್ಲಿ ಜಸ್ಟಿನ್ ವೊಲ್ಫರ್ಸ್ ಎಂಬ ಅರ್ಥಶಾಸ್ತ್ರಜ್ಞ 44,120 ಪಂದ್ಯಗಳನ್ನು ಪರಿಶೀಲಿಸಿದರು. ಭಾರೀ ನೆಚ್ಚಿನ ತಂಡಗಳು ಗೆರೆಯ ಸ್ವಲ್ಪ ಕೆಳಗೇ ಗೆದ್ದು ನಿಲ್ಲುವುದು ನಿರೀಕ್ಷೆಗಿಂತ ಹೆಚ್ಚಾಗಿ ಕಂಡಿತು. ನೂರಕ್ಕೆ ಒಂದರಷ್ಟು ಪಂದ್ಯಗಳಲ್ಲಿ ಬಾಜಿಯ ಕೈವಾಡ ಇರಬಹುದೆಂದು ಅವರು ಅಂದಾಜು ಮಾಡಿದರು. ದೊಡ್ಡ ಸುದ್ದಿಯಾಯಿತು.

ಆದರೆ 2010ರಲ್ಲಿ ಬರ್ನ್‌ಹಾರ್ಟ್ ಮತ್ತು ಹೆಸ್ಟನ್ ಎಂಬ ಇಬ್ಬರು ವಿದ್ವಾಂಸರು ಬಾಜಿಯ ಆಮಿಷವೇ ಇಲ್ಲದಿರುವ ಪಂದ್ಯಗಳನ್ನೂ ತೆಗೆದು ನೋಡಿದರು. ಅಲ್ಲಿಯೂ ಅದೇ ಚಿತ್ರ! ಹಾಗಾದರೆ ಕಾರಣ ಲಂಚವಲ್ಲದೆ ಬೇರೆಯೂ ಇರಬಹುದು. ಭಾರೀ ಮುನ್ನಡೆ ಸಿಕ್ಕ ಮೇಲೆ ಕೋಚ್ ಮುಖ್ಯ ಆಟಗಾರರನ್ನು ಬೆಂಚಿನಲ್ಲಿ ಕೂರಿಸಿ ಹೊಸ ಹುಡುಗರಿಗೆ ಅವಕಾಶ ಕೊಡುತ್ತಾನೆ, ಅಂತರ ತಾನಾಗಿಯೇ ಕರಗುತ್ತದೆ. ಇದು ಆಟದ ಸಹಜ ನಡೆ. ಪ್ರಾಮಾಣಿಕ ಆಟ ಹೇಗಿರುತ್ತದೆ ಎಂಬ ಮೊದಲ ಲೆಕ್ಕ ತಪ್ಪಿದರೆ ಆಮೇಲಿನ ಎಲ್ಲ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಆಟ ಗೊತ್ತಿಲ್ಲದವನು ಬರಿಯ ಅಂಕಿ ಹಿಡಿದು ಕೂತರೆ ಹಗ್ಗವನ್ನು ಹಾವೆಂದು ಬಡಿಯುತ್ತಾನೆ.

ಇನ್ನು ಕೆಲವು ಕಳ್ಳಾಟಗಳು ಲೆಕ್ಕದ ಕಣ್ಣಿಗೆ ಬೀಳುವುದೇ ಕಷ್ಟ. 2010ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟಿನಲ್ಲಿ ಪಾಕಿಸ್ತಾನದ ಬೌಲರುಗಳು ಹಣಕ್ಕಾಗಿ, ಮೊದಲೇ ಗೊತ್ತು ಮಾಡಿದಂತೆ ನೋಬಾಲ್ ಹಾಕಿದ್ದು ನಿಮಗೆ ನೆನಪಿರಬಹುದು. ನಾಯಕ ಸಲ್ಮಾನ್ ಬಟ್, ಮೊಹಮ್ಮದ್ ಆಸಿಫ್, ಮೊಹಮ್ಮದ್ ಆಮಿರ್ ಮೂವರಿಗೂ 2011ರಲ್ಲಿ ಲಂಡನ್ನಿನ ನ್ಯಾಯಾಲಯ ಜೈಲುಶಿಕ್ಷೆ ವಿಧಿಸಿತು. ಒಂದು ಟೆಸ್ಟಿನಲ್ಲಿ ಎರಡು ಮೂರು ನೋಬಾಲ್ ಹೆಚ್ಚು ಬಿದ್ದರೆ ಯಾವ ಸಂಖ್ಯಾಶಾಸ್ತ್ರವೂ ಹುಬ್ಬೇರಿಸುವುದಿಲ್ಲ. ಅದನ್ನು ಹಿಡಿದದ್ದು ಒಂದು ಪತ್ರಿಕೆಯ ಗುಪ್ತ ಕಾರ್ಯಾಚರಣೆ. 2000ದ ಏಪ್ರಿಲ್‌ನಲ್ಲಿ ಹ್ಯಾನ್ಸಿ ಕ್ರೋನಿಯೆ ಪ್ರಕರಣ ಹೊರಬಿದ್ದದ್ದೂ ದೆಹಲಿ ಪೊಲೀಸರು ಕದ್ದಾಲಿಸಿದ ದೂರವಾಣಿ ಮಾತುಕತೆಯಿಂದ, ಸ್ಕೋರ್ ಕಾರ್ಡಿನಿಂದಲ್ಲ.

ಹಾಗಾದರೆ ಲೆಕ್ಕದ ಸಾಕ್ಷಿಗೆ ತೀರ್ಪಿನ ಕಟ್ಟೆಯಲ್ಲಿ ಬೆಲೆಯೇ ಇಲ್ಲವೇ? ಇದೆ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಜಗತ್ತಿನ ಬಾಜಿ ಮಾರುಕಟ್ಟೆಗಳ ದರಗಳನ್ನು ಕಂಪ್ಯೂಟರಿನಿಂದ ಸದಾ ಗಮನಿಸುವ ವ್ಯವಸ್ಥೆ ಇಟ್ಟುಕೊಂಡಿದೆ. ಆಲ್ಬೇನಿಯಾದ ಸ್ಕೆಂಡರ್ಬೆಯು ಎಂಬ ಕ್ಲಬ್ಬಿನ 50ಕ್ಕೂ ಹೆಚ್ಚು ಪಂದ್ಯಗಳು ಅನುಮಾನಾಸ್ಪದವೆಂದು ಆ ವ್ಯವಸ್ಥೆ ತೋರಿಸಿತು. 2018ರಲ್ಲಿ ಕ್ಲಬ್ಬಿಗೆ 10 ವರ್ಷ ನಿಷೇಧ ಬಿತ್ತು. ಮರುವರ್ಷ ಸ್ವಿಟ್ಜರ್ಲೆಂಡಿನಲ್ಲಿರುವ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಬಾಜಿದರದ ನಡೆಯನ್ನು ತಜ್ಞರು ಬಿಡಿಸಿ ಹೇಳಿ, ಬೇರಾವ ಕಾರಣವೂ ಹೊಂದುವುದಿಲ್ಲ ಎಂದು ತೋರಿಸಿದರೆ ಅದೂ ಸಾಕ್ಷ್ಯವೇ ಎಂದು ಒಪ್ಪಿದಂತಾಯಿತು. ಆದರೆ ಅದು ಕ್ರೀಡೆಯ ಶಿಸ್ತಿನ ಕಟ್ಟೆ. ಮನುಷ್ಯನನ್ನು ಜೈಲಿಗೆ ಕಳಿಸುವ ನ್ಯಾಯಾಲಯ ಕೇಳುವ ಪುರಾವೆ ಇದಕ್ಕಿಂತ ಗಟ್ಟಿಯದು.

ನಮ್ಮ ಕರ್ನಾಟಕದ ಮಾತನ್ನು ಆಡದೆ ಮುಗಿಸುವಂತಿಲ್ಲ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಕಳ್ಳಾಟ ನಡೆದಿದೆ ಎಂದು ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಆಟಗಾರರು, ತಂಡದ ಮಾಲೀಕರೂ ಸೇರಿದಂತೆ ಹಲವರನ್ನು ಬಂಧಿಸಿದರು. ಬ್ರಿಜೇಶ್ ಪಟೇಲ್, ವಿಶ್ವನಾಥ್, ದ್ರಾವಿಡ್, ಕುಂಬ್ಳೆಯವರನ್ನು ಕೊಟ್ಟ ನಾಡಿನ ಹೆಸರು ಈ ಸುದ್ದಿಯಲ್ಲಿ ಕೇಳಿದಾಗ ಹೊರನಾಡಿನಲ್ಲಿದ್ದ ನಮಗೆಲ್ಲ ತಲೆ ತಗ್ಗಿಸುವಂತಾಗಿತ್ತು. ಆದರೆ 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ವಂಚನೆಯ ಆ ಮೊಕದ್ದಮೆಯನ್ನು ರದ್ದುಪಡಿಸಿತು. ಮ್ಯಾಚ್ ಫಿಕ್ಸಿಂಗ್ ಕ್ರೀಡಾಶಿಸ್ತಿನ ಉಲ್ಲಂಘನೆ ಆಗಬಹುದು, ಅದಕ್ಕೆ ಕ್ರಿಕೆಟ್ ಮಂಡಳಿ ಕ್ರಮ ಕೈಗೊಳ್ಳಬಹುದು. ಆದರೆ ಭಾರತೀಯ ದಂಡಸಂಹಿತೆಯ 420ನೆಯ ಕಲಮಿನ ವಂಚನೆಯ ವ್ಯಾಖ್ಯೆಗೆ ಅದು ಬರುವುದಿಲ್ಲ ಎಂಬುದು ತೀರ್ಪಿನ ಸಾರ. ಮ್ಯಾಚ್ ಫಿಕ್ಸಿಂಗನ್ನು ಪ್ರತ್ಯೇಕ ಅಪರಾಧವೆಂದು ಘೋಷಿಸಬೇಕೆಂದು ಕಾನೂನು ಆಯೋಗ 2018ರಲ್ಲೇ ತನ್ನ 276ನೆಯ ವರದಿಯಲ್ಲಿ ಶಿಫಾರಸು ಮಾಡಿತ್ತು. ನೆರೆಯ ಶ್ರೀಲಂಕಾ 2019ರಲ್ಲೇ ಅಂತಹ ಕಾನೂನು ತಂದಿತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಬ್ರಿಟನ್ನಿನಲ್ಲಿ ಬಾಜಿ ಕಾನೂನುಬದ್ಧ, ಹಾಗಾಗಿ ಪ್ರತಿ ಬಾಜಿಗೂ ದಾಖಲೆ ಇದೆ, ದರ ಯಾವ ನಿಮಿಷದಲ್ಲಿ ಬದಲಾಯಿತು ಎಂದು ನೋಡಬಹುದು. ನಮ್ಮಲ್ಲಿ ಕ್ರಿಕೆಟ್ಟಿನ ಸಟ್ಟಾ ಕತ್ತಲೆಯ ವ್ಯವಹಾರ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನೂ ಬಂತು. ಜೂಜಿನಿಂದ ಹಾಳಾದ ಮನೆಗಳನ್ನು ಕಂಡವರು ಅದನ್ನು ಸ್ವಾಗತಿಸಿದರೆ ತಪ್ಪಿಲ್ಲ. ಆದರೆ ಬುಕ್ಕಿಯ ಚೀಟಿಯಲ್ಲಿ ಬರೆದು ಹರಿದು ಹಾಕಿದ ಲೆಕ್ಕವನ್ನು ಯಾವ ಸಂಖ್ಯಾಶಾಸ್ತ್ರಜ್ಞನೂ ಓದಲಾರ ಎಂಬುದೂ ನಿಜ. ಆದ್ದರಿಂದ ನಮ್ಮ ಕ್ರಿಕೆಟ್ ಮಂಡಳಿ ವಿದೇಶಿ ಮಾರುಕಟ್ಟೆಗಳ ದರಗಳನ್ನು ನೋಡಬೇಕಾಗುತ್ತದೆ. 2020ರ ಐಪಿಎಲ್‌ಗೆ ಅದು ಸ್ಪೋರ್ಟ್‌ರೇಡಾರ್ ಎಂಬ ಕಂಪನಿಯ ನೆರವು ಪಡೆದದ್ದು ಇದಕ್ಕಾಗಿಯೇ.

ಕೇಳುಗರೇ, ಈ ಎಲ್ಲ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಸುಮೊದಲ್ಲಿ ಕಳ್ಳಾಟ ಹುಟ್ಟಿದ್ದು ಸಂಬಳ ಇರುವ ಮೆಟ್ಟಿಲಿಗೂ ಇಲ್ಲದ ಮೆಟ್ಟಿಲಿಗೂ ನಡುವಿನ ಕಂದಕದಲ್ಲಿ. ಟೆನಿಸ್ಸಿನಲ್ಲಿ ದಲ್ಲಾಳಿಗಳು ಹೆಚ್ಚಾಗಿ ಹಿಡಿದದ್ದು ಊರೂರು ತಿರುಗಿ ಬಸ್ಸಿನ ಖರ್ಚಿಗೂ ಪರದಾಡುವ ಕೆಳಹಂತದ ಆಟಗಾರರನ್ನು. ಬೆಲ್ಜಿಯಮ್ಮಿನ ನ್ಯಾಯಾಲಯ 2023ರಲ್ಲಿ ಐದು ವರ್ಷ ಶಿಕ್ಷೆ ವಿಧಿಸಿದ ಒಬ್ಬ ದಲ್ಲಾಳಿಯ ಜಾಲದಲ್ಲಿ 180ಕ್ಕೂ ಹೆಚ್ಚು ಆಟಗಾರರು ಸಿಕ್ಕಿದ್ದರೆಂದು ತನಿಖೆಯಿಂದ ತಿಳಿಯಿತು. ಅವರಲ್ಲಿ ಬಹುತೇಕರ ಹೆಸರನ್ನು ನೀವಾಗಲಿ ನಾನಾಗಲಿ ಕೇಳಿರಲಾರೆವು. ಎಲ್ಲಿ ಒಂದು ಗೆಲುವಿನ ಬೆಲೆ ಆಟಗಾರನಿಗೆ ಬಹಳ ಕಡಿಮೆಯೋ, ಅದೇ ಸೋಲಿನ ಬೆಲೆ ಹೊರಗಿನವನಿಗೆ ಬಹಳ ಹೆಚ್ಚೋ, ಅಲ್ಲಿ ನೋಡಬೇಕು ಎಂದು ಲೆಕ್ಕ ಹೇಳುತ್ತದೆ. ಲೆಕ್ಕ ಕಳ್ಳನನ್ನು ತೋರಿಸುವ ಮೊದಲು ಕಳ್ಳತನಕ್ಕೆ ಬಾಗಿಲು ತೆರೆದಿಟ್ಟ ಮನೆಯನ್ನು ತೋರಿಸುತ್ತದೆ. ಆ ಬಾಗಿಲು ಮುಚ್ಚುವುದು, ಅಂದರೆ ಕಿರಿಯ ಆಟಗಾರರಿಗೆ ಬದುಕುವಷ್ಟು ಸಂಭಾವನೆ ಕೊಡುವುದು, ನೂರು ಪತ್ತೇದಾರರನ್ನು ಇಡುವುದಕ್ಕಿಂತ ಅಗ್ಗ.

ಜಗತ್ತಿನ ಮಹಾನ್ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ. 2023ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಅನಿಶ್ಚಿತತೆ ಎಷ್ಟಿದೆ ಎಂದು ಅಳೆದು, ಅದನ್ನು ಒಪ್ಪಿಕೊಂಡೇ ತೀರ್ಮಾನಕ್ಕೆ ಬರುವ ಶಾಸ್ತ್ರಕ್ಕೆ ಅವರು ಬದುಕನ್ನೇ ಮುಡಿಪಾಗಿಟ್ಟಿದ್ದರು. ಕಳ್ಳಾಟದ ವಿಚಾರದಲ್ಲಿ ನಮಗೆ ಬೇಕಾದದ್ದೂ ಆ ವಿನಯವೇ.

ಆದ್ದರಿಂದ ಮುಂದಿನ ಸಲ ನಮ್ಮ ತಂಡ ಕೊನೆಯ ಓವರಿನಲ್ಲಿ ಸೋತು, ಪಕ್ಕದವರು "ಎಲ್ಲ ಫಿಕ್ಸ್ ಬಿಡ್ರೀ" ಎಂದಾಗ ಜಗಳವಾಡಬೇಡಿ. ನಗುತ್ತಾ ಒಂದೇ ಪ್ರಶ್ನೆ ಕೇಳಿ: "ಎಷ್ಟು ಪಂದ್ಯ ಎಣಿಸಿದ್ದೀರಿ ಸ್ವಾಮಿ?" ಋತುಪರ್ಣನ ಮಾತನ್ನು ಕೂಡ ನಳ ಹಾಗೆಯೇ ನಂಬಲಿಲ್ಲ. ರಥ ನಿಲ್ಲಿಸಿ, ಇಳಿದು, ಎಣಿಸಿ ನೋಡಿದ.